ಅಮೆರಿಕದ ಇವತ್ತಿನ ಜಗಳಕ್ಕೆ ಹಳೆಯ ಬೇರು ಹುಡುಕುವ ಕ್ರಮ: ಜನ್ಮಸಿದ್ಧ ಪೌರತ್ವವನ್ನೇ ಉದಾಹರಣೆಗೆ ಇಟ್ಟುಕೊಂಡು

ಅಮೆರಿಕದ ರಾಜಕೀಯದ ಬಗ್ಗೆ ಕನ್ನಡದಲ್ಲಿ ಬರೆಯುವವರು ಇತಿಹಾಸಕ್ಕೆ ಕೈಹಾಕಿದಾಗ ಹೆಚ್ಚಾಗಿ ಹೋಲಿಕೆಯಲ್ಲೇ ನಿಂತುಬಿಡುತ್ತಾರೆ. ಸುಂಕದ ಸುದ್ದಿ ಬಂತೇ, 1930ರ ಸ್ಮೂಟ್-ಹಾಲಿ ಕಾಯ್ದೆ. ಕ್ಯಾಪಿಟಲ್ ಭವನಕ್ಕೆ ಜನ ನುಗ್ಗಿದರೇ, 1814ರಲ್ಲಿ ಬ್ರಿಟಿಷರು ಅದೇ ಭವನಕ್ಕೆ ಬೆಂಕಿ ಇಟ್ಟದ್ದು. ಇದು ಅದರ ಹಾಗೆ ಕಾಣುತ್ತದೆ, ನಿಜ. ಆದರೆ ಅದರಿಂದ ಇದು ಬಂತೇ? ಬಂದಿದ್ದರೆ ಯಾವ ದಾರಿಯಲ್ಲಿ? ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಬೇರೆ. ಅಲ್ಲಿ ಬೇಕಾದದ್ದು ಕೊಂಡಿ: ಒಂದು ಕಾನೂನಿನ ಸಾಲು, ಒಂದು ತೀರ್ಪು, ಒಂದು ಸದನದ ನಿಯಮ, ತಲೆಮಾರು ದಾಟಿ ಇವತ್ತು ಜಗಳ ಆಡುತ್ತಿರುವವರ ಕೈಗೇ ಬಂದು ಬಿದ್ದಿರುವಂಥದ್ದು. ಬೆರಳಿಟ್ಟು ತೋರಿಸಲು ಬಾರದಿದ್ದರೆ ಅದು ಕೊಂಡಿಯಲ್ಲ.

ಇದಕ್ಕೆ ಬೇಕಾಗುವ ಸಾಮಾನು ಕಡಿಮೆ. ಒಂದು ದೊಡ್ಡ ಹಾಳೆ, ಇಂಟರ್ನೆಟ್, ಎರಡು ಸಂಜೆ. ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ: ವರ್ಷ, ದಾಖಲೆ, ಅದನ್ನು ಬರೆದವರು ಅಥವಾ ತಂದವರು, ಅದರಿಂದ ಬದಲಾದದ್ದು. ನಾಲ್ಕನೆಯ ಅಂಕಣ ಖಾಲಿ ಉಳಿದ ಸಾಲುಗಳನ್ನು ಕೊನೆಗೆ ಹೊಡೆದುಹಾಕಬೇಕು, ಎಷ್ಟೇ ಸ್ವಾರಸ್ಯ ಇದ್ದರೂ.

ಮೊದಲು ಜಗಳವನ್ನು ಒಂದು ಪ್ರಶ್ನೆಗೆ ಇಳಿಸಿ

"ಅಮೆರಿಕದಲ್ಲಿ ವಲಸಿಗರ ವಿರೋಧ ಹೆಚ್ಚುತ್ತಿದೆ" ಎನ್ನುವುದು ವಾತಾವರಣದ ವರ್ಣನೆ, ಅದಕ್ಕೆ ಬೇರು ಹುಡುಕಲು ಹೊರಟರೆ ಇಡೀ ಕಾಡೇ ಎದುರಾಗುತ್ತದೆ. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಬೇಕು. ನಮ್ಮ ಉದಾಹರಣೆಗೆ ಅದು ಹೀಗಿರಲಿ: ತಾತ್ಕಾಲಿಕ ವೀಸಾದಲ್ಲಿರುವ ತಂದೆತಾಯಿಗೆ ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಅಲ್ಲಿನ ಪ್ರಜೆಯೇ?

ಪ್ರಶ್ನೆ ಸಿಕ್ಕಮೇಲೆ ಅದನ್ನು ಎಬ್ಬಿಸಿದ ದಾಖಲೆಯನ್ನು ತೆರೆಯಿರಿ, ಅದರ ಬಗ್ಗೆ ಬಂದ ಸುದ್ದಿಯನ್ನಲ್ಲ. ಇಲ್ಲಿ ಅದು 2025ರ ಜನವರಿ 20ರಂದು ಟ್ರಂಪ್ ಸಹಿ ಹಾಕಿದ ಕಾರ್ಯಕಾರಿ ಆದೇಶ, ಸಂಖ್ಯೆ 14160. ಅಮೆರಿಕ ಸರ್ಕಾರದ ರಾಜಪತ್ರವಾದ ಫೆಡರಲ್ ರಿಜಿಸ್ಟರ್‌ನ ಜಾಲತಾಣದಲ್ಲಿ ಈ ಸಂಖ್ಯೆ ಹಾಕಿದರೆ ಪೂರ್ಣ ಪಠ್ಯ ಪುಕ್ಕಟೆ ಸಿಗುತ್ತದೆ. ಎರಡು ಮೂರು ಪುಟ, ಅಷ್ಟೇ.

ಓದಿದಾಗ ತಿಳಿಯುವುದು: ಆದೇಶ ಎರಡು ಗುಂಪುಗಳನ್ನು ಹೊರಗಿಡುತ್ತದೆ. ಒಂದು, ತಾಯಿ ಕಾನೂನುಬಾಹಿರವಾಗಿ ಅಲ್ಲಿದ್ದು, ತಂದೆ ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇರುವವನೂ ಅಲ್ಲ ಎಂಬ ಸಂದರ್ಭ. ಎರಡು, ತಾಯಿ ಕಾನೂನುಬದ್ಧವಾಗಿಯೇ ಆದರೆ ತಾತ್ಕಾಲಿಕವಾಗಿ ಅಲ್ಲಿದ್ದು, ತಂದೆ ಇಲ್ಲೂ ಪ್ರಜೆಯಾಗಲಿ ಗ್ರೀನ್ ಕಾರ್ಡ್ ಇರುವವನಾಗಲಿ ಅಲ್ಲದಿರುವುದು. ಎಚ್-1ಬಿ (ನುರಿತ ಕೆಲಸಗಾರರದು) ಮತ್ತು ಎಚ್-4 (ಅವರ ಸಂಗಾತಿಯದು) ವೀಸಾದಲ್ಲಿರುವ ಬೆಂಗಳೂರಿನ ದಂಪತಿ ಬೀಳುವುದು ಎರಡನೆಯ ಗುಂಪಿಗೆ. ಇಬ್ಬರಲ್ಲಿ ಒಬ್ಬರಿಗೆ ಗ್ರೀನ್ ಕಾರ್ಡ್ ಇದ್ದರೂ ಸಾಕು, ಅವರು ಇದರ ಹೊರಗೆ. ಈಗಾಗಲೇ ಹುಟ್ಟಿದ ಮಕ್ಕಳಿಗೂ ಇದು ತಟ್ಟುವುದಿಲ್ಲ. ಆದೇಶ ಮುಟ್ಟುವುದು ಅದು ಹೊರಟ 30 ದಿನಗಳ ನಂತರ ಹುಟ್ಟುವವರನ್ನು. "ವಲಸಿಗರ ಮಕ್ಕಳ ಪೌರತ್ವ ರದ್ದು" ಎಂದು ತಲೆಬರಹ ಕೊಟ್ಟವರು ಈ ಎರಡು ಪುಟ ಓದಿರಲಿಲ್ಲ.

ಜಗಳ ನಿಂತಿರುವ ಪದ ಯಾವುದು?

ದೊಡ್ಡ ಜಗಳಗಳೆಲ್ಲ ಬಹುತೇಕ ಐದಾರು ಪದಗಳ ಮೇಲೆ ನಿಂತಿರುತ್ತವೆ. ಆ ಪದಗಳನ್ನು ಗುರುತಿಸದೆ ಹಿಂದಕ್ಕೆ ಹೋಗಬೇಡಿ. 1868ರ ಜುಲೈ 9ರಂದು ಅಂಗೀಕಾರವಾದ, ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯ ಮೊದಲ ವಾಕ್ಯದ ತಿರುಳು ಇದು: ಅಮೆರಿಕದಲ್ಲಿ ಹುಟ್ಟಿದ ಅಥವಾ ಅಲ್ಲಿನ ಪೌರತ್ವ ಪಡೆದ, ಮತ್ತು ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಲ್ಲ ವ್ಯಕ್ತಿಗಳೂ ಅಮೆರಿಕದ ಪ್ರಜೆಗಳು. "ಅಧಿಕಾರವ್ಯಾಪ್ತಿಗೆ ಒಳಪಟ್ಟ" ಎಂಬಲ್ಲಿ ಗೆರೆ ಎಳೆಯಿರಿ. ಒಂದು ಪಕ್ಷದ ಪ್ರಕಾರ ಅಲ್ಲಿನ ಕಾನೂನಿಗೆ ತಲೆಬಾಗಬೇಕಾದ ಯಾರೇ ಆದರೂ ಒಳಪಟ್ಟವರೇ. ರಸ್ತೆಯಲ್ಲಿ ಕೆಂಪು ದೀಪ ದಾಟಿದರೆ ದಂಡ ಕಟ್ಟುವವರೆಲ್ಲ. ಇನ್ನೊಂದು ಪಕ್ಷಕ್ಕೆ ಅಷ್ಟು ಸಾಲದು, ಪೂರ್ಣ ನಿಷ್ಠೆ ಮತ್ತು ಕಾಯಂ ವಾಸ ಬೇಕು.

ಇವತ್ತಿನಿಂದ ಹಿಂದಕ್ಕೆ ನಡೆಯಿರಿ

ಅನೇಕರು 1776ರಿಂದ ಶುರುಮಾಡಿ ಮುಂದಕ್ಕೆ ಬರುತ್ತಾರೆ. ಹಾಗೆ ಬಂದರೆ ದಾರಿಯಲ್ಲಿ ಸಿಕ್ಕಿದ್ದೆಲ್ಲ ಕಾರಣದಂತೆ ಕಾಣತೊಡಗುತ್ತದೆ. ತಿರುಗಿ ನಡೆಯಿರಿ. ಪ್ರತಿಯೊಂದು ಕಾನೂನು ದಾಖಲೆಯೂ ತನ್ನ ಹಿಂದಿನದರ ಹೆಸರು ಹೇಳುತ್ತದೆ. ಅದನ್ನು ಹಿಡಿದು ಒಂದೊಂದೇ ಮೆಟ್ಟಿಲು ಇಳಿದರೆ ಸಾಕು.

ಆದೇಶ 14160 ತಾನೇ, ಕಪ್ಪು ಜನ ಪ್ರಜೆಗಳಾಗಲಾರರು ಎಂದ 1857ರ ಡ್ರೆಡ್ ಸ್ಕಾಟ್ ತೀರ್ಪನ್ನು ಹೆಸರಿಸುತ್ತದೆ, ಅದು ನಾಚಿಕೆಗೇಡಿನದು ಎನ್ನುತ್ತದೆ. ಆದರೆ 1898ರ ವಾಂಗ್ ಕಿಮ್ ಆರ್ಕ್ ತೀರ್ಪಿನ ಹೆಸರು ಅದರಲ್ಲಿ ಇಲ್ಲ. ಹಾಳೆಯಲ್ಲಿ ಇದನ್ನು ದಪ್ಪವಾಗಿ ಬರೆದುಕೊಳ್ಳಿ. ದಾಖಲೆ ಏನನ್ನು ಹೇಳುತ್ತದೋ ಅಷ್ಟೇ ಮುಖ್ಯ, ಏನನ್ನು ನುಂಗುತ್ತದೆ ಎನ್ನುವುದೂ.

ತೀರ್ಪಿನ ವಿಳಾಸ ಓದುವುದನ್ನು ಒಮ್ಮೆ ಕಲಿತರೆ ಮುಂದೆ ತೊಡಕಿಲ್ಲ. ವಾಂಗ್ ಕಿಮ್ ಆರ್ಕ್ ತೀರ್ಪಿನದು "169 ಯು.ಎಸ್. 649": ಸುಪ್ರೀಂ ಕೋರ್ಟ್ ವರದಿಗಳ 169ನೇ ಸಂಪುಟ, 649ನೇ ಪುಟ. ಇದನ್ನೇ ಹುಡುಕು ಪೆಟ್ಟಿಗೆಗೆ ಹಾಕಿದರೆ ಪಠ್ಯ ಬರುತ್ತದೆ. ವಾಂಗ್ 1873ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದವನು, ಕೆಲಸ ಅಡುಗೆ. ಚೀನಾಕ್ಕೆ ಹೋಗಿ 1895ರ ಆಗಸ್ಟ್‌ನಲ್ಲಿ ಮರಳಿದಾಗ, ನೀನು ಇಲ್ಲಿನ ಪ್ರಜೆಯಲ್ಲ ಎಂದು ಬಂದರಿನಲ್ಲೇ ತಡೆದರು. 1882ರ ಚೀನೀ ನಿಷೇಧ ಕಾಯ್ದೆ ಆಗ ಜಾರಿಯಲ್ಲಿತ್ತು. 1898ರ ಮಾರ್ಚ್ 28ರಂದು ಕೋರ್ಟು 6-2ರಲ್ಲಿ ಅವನ ಪರ ತೀರ್ಪು ಕೊಟ್ಟಿತು. ರಾಯಭಾರಿಗಳ ಮಕ್ಕಳು, ದಂಡೆತ್ತಿ ಬಂದು ನೆಲ ಹಿಡಿದ ಶತ್ರುಗಳ ಮಕ್ಕಳು, ವಿದೇಶಿ ಸರ್ಕಾರದ ಹಡಗಿನಲ್ಲಿ ಹುಟ್ಟಿದವರು, ಮೂಲನಿವಾಸಿ ಬುಡಕಟ್ಟುಗಳವರು, ಇಷ್ಟೇ ಹೊರಗೆ ಎಂದಿತು.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ತೀರ್ಪು ವಾಂಗ್‌ನ ತಂದೆತಾಯಿಯ ಬಗ್ಗೆ ಹೇಳುವಾಗ ಅವರಿಗೆ ಅಮೆರಿಕದಲ್ಲಿ "ಕಾಯಂ ನೆಲೆ ಮತ್ತು ವಾಸ" ಇತ್ತು ಎನ್ನುತ್ತದೆ. ಸರ್ಕಾರದ ವಾದ ನೇತುಹಾಕಿಕೊಂಡಿರುವುದು ಈ ಮೊಳೆಗೇ: ತೀರ್ಪು ಕಾಯಂ ನೆಲೆಯವರಿಗೆ ಮಾತ್ರ, ವೀಸಾದವರಿಗಲ್ಲ. ಎದುರು ಪಕ್ಷ ಹೇಳುವುದು, ಅದು ಆ ಕುಟುಂಬದ ಸಂಗತಿಯ ವಿವರ, ತೀರ್ಪಿನ ತರ್ಕ ಅದರ ಮೇಲೆ ನಿಂತಿಲ್ಲ ಎಂದು. ತೀರ್ಪನ್ನು ಪೂರ್ತಿ ಓದದೆ ಸಾರಾಂಶ ಮಾತ್ರ ನೋಡಿದವರಿಗೆ ಈ ಇಡೀ ಜಗಳ ಕಣ್ಣಿಗೇ ಬೀಳುವುದಿಲ್ಲ. ಸೋತ ಪಕ್ಷದ ಬರಹವನ್ನೂ ಬಿಡಬೇಡಿ. ಮುಖ್ಯ ನ್ಯಾಯಮೂರ್ತಿ ಫುಲ್ಲರ್ ಬರೆದ ಭಿನ್ನಮತ ಅದೇ ಸಂಪುಟದಲ್ಲಿ ತೀರ್ಪಿನ ಬೆನ್ನಿಗೇ ಇದೆ, ನ್ಯಾಯಮೂರ್ತಿ ಹಾರ್ಲನ್ ಅದಕ್ಕೆ ದನಿಗೂಡಿಸಿದ್ದರು. ಇಂದು ಹೊಸತೆಂದು ಬರುವ ವಾದದ ಅರ್ಧಭಾಗ ಅಲ್ಲಿ ಆಗಲೇ ಇದೆ. ಅಮೆರಿಕದ ಕಾನೂನು ಚರಿತ್ರೆಯಲ್ಲಿ ಸೋತ ವಾದ ಸಾಯುವುದು ಕಡಿಮೆ.

ಇನ್ನೊಂದು ಮೆಟ್ಟಿಲು ಕೆಳಗೆ, 1866. ತಿದ್ದುಪಡಿಯ ಚರ್ಚೆ "ಕಾಂಗ್ರೆಷನಲ್ ಗ್ಲೋಬ್" ಎಂಬ ಸದನ ವರದಿಯಲ್ಲಿದೆ; ಲೈಬ್ರರಿ ಆಫ್ ಕಾಂಗ್ರೆಸ್ ಅದರ ಪುಟಗಳನ್ನು ಚಿತ್ರರೂಪದಲ್ಲಿ ಹಾಕಿದೆ. ಬೇಕಾದದ್ದು 39ನೇ ಕಾಂಗ್ರೆಸ್, ಮೊದಲ ಅಧಿವೇಶನ, 2890ನೇ ಪುಟದಿಂದ ಮುಂದಕ್ಕೆ, ಮೇ 30ರ ಚರ್ಚೆ. ಅಕ್ಷರ ಸಣ್ಣ, ಅಂಕಣಗಳು ಒತ್ತಾಗಿವೆ. ಪದ ಹುಡುಕಾಟ ನಂಬಬೇಡಿ, ಪುಟ ಸಂಖ್ಯೆ ಹಾಕಿ ಹೋಗಿ. ಅಲ್ಲಿ ಪೆನ್ಸಿಲ್ವೇನಿಯದ ಸೆನೆಟರ್ ಎಡ್ಗರ್ ಕೋವನ್ ಎದ್ದು ನಿಂತು ಕೇಳುತ್ತಾನೆ: ಕ್ಯಾಲಿಫೋರ್ನಿಯದಲ್ಲಿ ಚೀನೀ ವಲಸಿಗನಿಗೆ ಹುಟ್ಟಿದ ಮಗು ಪ್ರಜೆಯೇ? ಪೆನ್ಸಿಲ್ವೇನಿಯದಲ್ಲಿ ಜಿಪ್ಸಿಗೆ ಹುಟ್ಟಿದ ಮಗು? ಕ್ಯಾಲಿಫೋರ್ನಿಯದ ಸೆನೆಟರ್ ಜಾನ್ ಕಾನ್ನೆಸ್, ಸ್ವತಃ ಐರ್ಲೆಂಡಿನಲ್ಲಿ ಹುಟ್ಟಿದವನು, ಚೀನೀಯರ ಮಕ್ಕಳೂ ಪ್ರಜೆಗಳೇ ಆಗಲಿ ಎಂದು ಉತ್ತರ ಕೊಡುತ್ತಾನೆ. ಅಂದರೆ ತಿದ್ದುಪಡಿ ಗುಲಾಮಗಿರಿಯಿಂದ ಬಿಡುಗಡೆಯಾದವರಿಗಷ್ಟೇ, ವಲಸಿಗರ ಮಕ್ಕಳ ವಿಚಾರ ಅವರ ತಲೆಗೇ ಬಂದಿರಲಿಲ್ಲ ಎನ್ನುವ ಮಾತು ಈ ಪುಟದ ಮುಂದೆ ನಿಲ್ಲುವುದಿಲ್ಲ.

ಅದೇ ದಿನ ಮಿಷಿಗನ್ ಸೆನೆಟರ್ ಜೇಕಬ್ ಹೊವಾರ್ಡ್ ಆಡಿದ ಒಂದು ವಾಕ್ಯವನ್ನು ಇಂದು ಎರಡೂ ಕಡೆಯವರು ಉಲ್ಲೇಖಿಸುತ್ತಾರೆ. ಹೊರಗುಳಿಯುವವರು ಯಾರು ಎಂದು ಹೇಳುವಾಗ ಅವನು ವಿದೇಶೀಯರು, ಪರದೇಶದ ಪ್ರಜೆಗಳು, ರಾಯಭಾರಿಗಳ ಕುಟುಂಬಕ್ಕೆ ಸೇರಿದವರು ಎಂದು ಅಲ್ಪವಿರಾಮ ಹಾಕುತ್ತಾ ಹೋಗುತ್ತಾನೆ. ಇವು ಮೂರು ಬೇರೆ ಗುಂಪುಗಳೇ, ಅಥವಾ ಒಂದೇ ಗುಂಪಿನ ಮೂರು ವಿವರಣೆಯೇ? ಇಂಗ್ಲಿಷಿನಲ್ಲಿ ಎರಡೂ ರೀತಿ ಓದಬಹುದು. ಕನ್ನಡಕ್ಕೆ ತರುವಾಗ ಇಲ್ಲೊಂದು ಹೊಂಡ ಇದೆ. ನಮ್ಮಲ್ಲಿ ವಿಶೇಷಣ ನಾಮಪದದ ಮುಂದೆ ಬರುವುದರಿಂದ "ರಾಯಭಾರಿಗಳ ಕುಟುಂಬಕ್ಕೆ ಸೇರಿದ ವಿದೇಶೀಯರು" ಎಂದು ಬರೆದ ಕ್ಷಣಕ್ಕೆ ಅನುವಾದಕನೇ ತೀರ್ಪು ಕೊಟ್ಟುಬಿಟ್ಟ ಹಾಗೆ. "ವಿದೇಶೀಯರು, ಪರದೇಶದವರು ಮತ್ತು ರಾಯಭಾರಿಗಳ ಕುಟುಂಬದವರು" ಎಂದರೂ ಅಷ್ಟೇ, ಎದುರು ಪಕ್ಷಕ್ಕೆ. ಇಂಥ ಕಡೆ ಅನುವಾದ ಮಾಡಬೇಡಿ. ವಾಕ್ಯ ಎರಡು ರೀತಿ ಒಡೆಯುತ್ತದೆ ಎಂದು ಬಿಡಿಸಿ ಹೇಳಿ.

ಉಲ್ಲೇಖ ಎತ್ತಿಕೊಂಡಾಗಲೆಲ್ಲ ಅದರ ಹಿಂದಿನ ಒಂದು ಪುಟ, ಮುಂದಿನ ಒಂದು ಪುಟ ಓದುವ ಅಭ್ಯಾಸ ಇರಲಿ. ಇಲಿನಾಯ್ ಸೆನೆಟರ್ ಲೈಮನ್ ಟ್ರಂಬಲ್ ಅಧಿಕಾರವ್ಯಾಪ್ತಿ ಎಂದರೆ ಬೇರೆ ಯಾರಿಗೂ ನಿಷ್ಠೆ ಸಲ್ಲಿಸದಿರುವುದು ಎಂದದ್ದು ಇಂದು ಜಾಲತಾಣಗಳಲ್ಲಿ ಒಂಟಿಯಾಗಿ ಓಡಾಡುತ್ತಿದೆ. ಪುಟ ತೆರೆದರೆ ಅಲ್ಲಿ ನಡೆಯುತ್ತಿದ್ದದ್ದು ಮೂಲನಿವಾಸಿ ಬುಡಕಟ್ಟುಗಳ ಚರ್ಚೆ. ಅದರಿಂದ ಮಾತಿನ ಬೆಲೆ ಹೋಯಿತು ಎಂದಲ್ಲ. ಆದರೆ ಸಂದರ್ಭ ಹೇಳದೆ ಬಳಸುವುದು ಸಲ್ಲ.

ಕೊನೆಯ ಮೆಟ್ಟಿಲು 1857ರ ಮಾರ್ಚ್ 6. ಕಪ್ಪು ಜನ, ಗುಲಾಮರಿರಲಿ ಸ್ವತಂತ್ರರಿರಲಿ, ಅಮೆರಿಕದ ಪ್ರಜೆಗಳಾಗಲಾರರು ಎಂದು ಮುಖ್ಯ ನ್ಯಾಯಮೂರ್ತಿ ಟೇನಿ ಬರೆದ ಡ್ರೆಡ್ ಸ್ಕಾಟ್ ತೀರ್ಪು, 7-2. ತಿದ್ದುಪಡಿ ಹುಟ್ಟಿದ್ದು ಇದನ್ನು ಅಳಿಸಲು. ಇಲ್ಲಿಂದ ಕೆಳಗೆ ಇಂಗ್ಲೆಂಡಿನ ಕಾನೂನಿನವರೆಗೂ ಇಳಿಯಬಹುದು, ಲೇಖನಕ್ಕೆ ಬೇಕಿಲ್ಲ.

ತುಂಡಾದ ಜಾಗ

ಕೊಂಡಿ ಎಂದರೆ ಒಂದೇ ಎಳೆಯ ಹಗ್ಗ ಅಂದುಕೊಳ್ಳಬೇಡಿ. ಎಲ್ಲಿ ಅರ್ಥ ಬದಲಾಯಿತು ಎಂದು ಗುರುತು ಹಾಕಿ. 1884ರ ಎಲ್ಕ್ ತೀರ್ಪು ಬುಡಕಟ್ಟಿನಲ್ಲಿ ಹುಟ್ಟಿದವನನ್ನು ಹೊರಗಿಟ್ಟಿತು. 1924ರ ಜೂನ್ 2ರ ಕಾಯ್ದೆ ಒಳಗೆ ತಂದಿತು. ಇದಕ್ಕಿಂತ ದೊಡ್ಡ ಕಂದರ ಇನ್ನೊಂದಿದೆ. 1866ರಲ್ಲಿ ಇಂದಿನ ಅರ್ಥದ ವೀಸಾ ಇರಲೇ ಇಲ್ಲ. ಇಂಥವರು ಬರಬಾರದು ಎಂದ ಮೊದಲ ಒಕ್ಕೂಟ ವಲಸೆ ಕಾನೂನು ಎಂದು ಸಾಮಾನ್ಯವಾಗಿ ಎಣಿಸುವ ಪೇಜ್ ಕಾಯ್ದೆ ಬಂದದ್ದು 1875ರಲ್ಲಿ. ಎಚ್-1ಬಿ ರೂಪುಗೊಂಡದ್ದು 1990ರ ಕಾಯ್ದೆಯಲ್ಲಿ. ಹೀಗಿರುವಾಗ "ತಿದ್ದುಪಡಿ ಬರೆದವರು ಎಚ್-1ಬಿ ಮಕ್ಕಳ ಬಗ್ಗೆ ಏನು ಯೋಚಿಸಿದ್ದರು" ಎಂಬ ಪ್ರಶ್ನೆಗೆ ಉತ್ತರ ಇಲ್ಲ. ಇಲ್ಲ ಎಂದೇ ಬರೆಯಿರಿ.

ಕಾಗೆ ಮತ್ತು ಟೊಂಗೆ

ಈಗ ಹಾಳೆಯಲ್ಲಿರುವ ಸುಳ್ಳು ಕೊಂಡಿಗಳನ್ನು ಕಿತ್ತುಹಾಕುವ ಸರದಿ. ಆದೇಶ 14160 ಅನ್ವಯವಾಗಬೇಕಿದ್ದ ದಿನ 2025ರ ಫೆಬ್ರುವರಿ 19. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ "ಬಿಳಿಯ" ಅಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹನಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ ದಿನ 1923ರ ಫೆಬ್ರುವರಿ 19. ಜಪಾನೀ ಮೂಲದವರನ್ನು ಶಿಬಿರಗಳಿಗೆ ಅಟ್ಟಲು ದಾರಿಮಾಡಿದ ರೂಸ್‌ವೆಲ್ಟ್ ಆದೇಶ 9066ರ ದಿನ 1942ರ ಫೆಬ್ರುವರಿ 19. ಮೂರೂ ಒಂದೇ ತಾರೀಖು! ಬರೆಯುವವರ ಕೈ ತುರಿಸುತ್ತದೆ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಇರುವ ಸಂಬಂಧಕ್ಕಿಂತ ಹೆಚ್ಚಿನದೇನೂ ಇಲ್ಲಿಲ್ಲ. ಹೊಡೆದುಹಾಕಿ.

ಹಾಗೆಂದು ಥಿಂಡ್ ಪ್ರಕರಣವನ್ನೇ ಬಿಡಬೇಕಿಲ್ಲ, ಅದರ ಜಾಗ ತಿಳಿದಿರಬೇಕು. ಅದು 1790ರ ಕಾಯ್ದೆಯ "ಸ್ವತಂತ್ರ ಬಿಳಿಯ ವ್ಯಕ್ತಿ" ಎಂಬ ಪದಗಳಿಂದ ಇಳಿದುಬಂದದ್ದು. ಹೊರಗಿನಿಂದ ಬಂದವರು ಪೌರತ್ವ ಪಡೆಯುವ ಕವಲು, ಹುಟ್ಟಿನ ಪೌರತ್ವದ್ದಲ್ಲ. ಎರಡೂ ಕವಲು ಪಕ್ಕಪಕ್ಕ ಇಟ್ಟರೆ ಕುತೂಹಲದ ಚಿತ್ರ ಕಾಣುತ್ತದೆ: 1923ರ ನಂತರ ಅಮೆರಿಕದಲ್ಲಿದ್ದ ಭಾರತೀಯ ತಂದೆ ಅಲ್ಲಿನ ಪ್ರಜೆಯಾಗುವಂತಿರಲಿಲ್ಲ, ಅವನಿಗೆ ಅಲ್ಲಿ ಹುಟ್ಟಿದ ಮಗು ವಾಂಗ್ ತೀರ್ಪಿನ ಬಲದಿಂದ ಪ್ರಜೆಯೇ. 1946ರಲ್ಲಿ ಬಾಗಿಲು ತೆರೆದದ್ದೂ ವರ್ಷಕ್ಕೆ 100 ಭಾರತೀಯರಿಗೆ ಮಾತ್ರ. ಅಗಲವಾಗಿ ತೆರೆದದ್ದು 1965ರ ಕಾಯ್ದೆ. ಇಂದು ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಬಹುಪಾಲು ಬಂದ ದಾರಿ 1965 ಮತ್ತು 1990ರದ್ದು.

ಬೇರೆ ಜಗಳಗಳಿಗೆ ಇದೇ ಕ್ರಮ

ಸುಂಕ: 1930ರದ್ದು ಕಾಂಗ್ರೆಸ್ ತಾನೇ ದರ ಬರೆದ ಕಾಯ್ದೆ. 2025ರ ಏಪ್ರಿಲ್ 2ರದ್ದು ಅಧ್ಯಕ್ಷರ ಆದೇಶ. ಸ್ಮೂಟ್-ಹಾಲಿ ಹೋಲಿಕೆ, ಕೊಂಡಿಯಲ್ಲ. ಆದೇಶದ ಮೊದಲ ಸಾಲಿನಲ್ಲೇ ಅದರ ಆಧಾರ ಇದೆ: 1977ರ ತುರ್ತು ಆರ್ಥಿಕ ಅಧಿಕಾರ ಕಾಯ್ದೆ. ಅದು ಒಡೆದುಬಂದದ್ದು 1917ರ ಶತ್ರುಗಳೊಡನೆ ವ್ಯಾಪಾರ ಕಾಯ್ದೆಯಿಂದ. 1971ರಲ್ಲಿ ನಿಕ್ಸನ್ ಆಮದಿನ ಮೇಲೆ ಹಾಕಿದ ಶೇ 10ರ ಹೆಚ್ಚುವರಿ ಸುಂಕವನ್ನು ಸರ್ಕಾರ ಆಮೇಲೆ ಸಮರ್ಥಿಸಿಕೊಂಡದ್ದೂ ಆ 1917ರ ಕಾಯ್ದೆಯಿಂದಲೇ. 1977ರ ಕಾಯ್ದೆಯಲ್ಲಿ "ಸುಂಕ" ಎಂಬ ಪದವೇ ಇಲ್ಲ. ಜಗಳ ಅಲ್ಲಿಂದ.

ಸೇನಾ ನೆಲೆಗಳ ಹೆಸರು, ಪ್ರತಿಮೆ: ಇಲ್ಲಿ ವ್ಯಕ್ತಿಯ ಕಾಲ ನೋಡಬೇಡಿ, ಹೆಸರಿಟ್ಟ ಕಾಲ ನೋಡಿ. ಬ್ರಾಕ್ಸ್‌ಟನ್ ಬ್ರ್ಯಾಗ್ ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಕಾದಿದ ಸೇನಾಧಿಕಾರಿ. ಯುದ್ಧ ಮುಗಿದದ್ದು 1865, ನಾರ್ತ್ ಕ್ಯಾರೊಲಿನದ ನೆಲೆಗೆ ಅವನ ಹೆಸರಿಟ್ಟದ್ದು 1918. ನಡುವಿನ 53 ವರ್ಷಗಳಲ್ಲಿ ಏನಾಯಿತು ಎನ್ನುವುದೇ ನಿಮ್ಮ ಲೇಖನ. 2023ರಲ್ಲಿ ಅದು ಫೋರ್ಟ್ ಲಿಬರ್ಟಿ ಆಯಿತು, 2025ರಲ್ಲಿ ಮತ್ತೆ ಫೋರ್ಟ್ ಬ್ರ್ಯಾಗ್. ಆದರೆ ದಕ್ಷಿಣದ ಸೇನಾನಿಗಳ ಹೆಸರಿಡಲು ಕಾನೂನು ಅಡ್ಡ ಇದ್ದುದರಿಂದ ಈ ಸಲದ ಬ್ರ್ಯಾಗ್ ಬೇರೆ: ಎರಡನೇ ಮಹಾಯುದ್ಧದ ಸೈನಿಕ ರೋಲಂಡ್ ಬ್ರ್ಯಾಗ್. ಫಲಕದ ಅಕ್ಷರ ಅದೇ, ದಾಖಲೆ ಬೇರೆ.

1798ರ ಶತ್ರುದೇಶೀಯರ ಕಾಯ್ದೆಯಂಥದ್ದು (ಯುದ್ಧಕಾಲದಲ್ಲಿ ಶತ್ರುದೇಶದವರನ್ನು ಹಿಡಿದು ಹೊರಗಟ್ಟುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುವುದು) ಸಲೀಸು. ಹಳೆಯ ಕಾನೂನೇ ಜೀವಂತವಾಗಿದೆ. ಅದನ್ನು ಬಳಸಿದ್ದು ನಾಲ್ಕು ಸಲ: 1812ರ ಯುದ್ಧ, ಎರಡು ಮಹಾಯುದ್ಧಗಳು, ಆಮೇಲೆ 2025ರ ಮಾರ್ಚ್. ಮೊದಲ ಮೂರೂ ಘೋಷಿತ ಯುದ್ಧಗಳು, ನಾಲ್ಕನೆಯದು ಅಲ್ಲ ಎಂಬುದಷ್ಟನ್ನು ಮರೆಯದಿದ್ದರೆ ಆಯಿತು.

ಕನ್ನಡದಲ್ಲಿ ಎಡವಿಸುವ ಪದಗಳು

ಫೆಡರಲ್ ಎನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಕರ್ನಾಟಕದಲ್ಲಿ "ಒಕ್ಕೂಟ ತತ್ವ" ಎಂದರೆ ತೆರಿಗೆ ಪಾಲು, ರಾಜ್ಯದ ಹಕ್ಕು. ಅಮೆರಿಕದಲ್ಲಿ 1787ರ ಫೆಡರಲಿಸ್ಟರು ವಾದಿಸಿದ್ದು ಬಲವಾದ ಒಕ್ಕೂಟ ಸರ್ಕಾರಕ್ಕೆ. ರಾಜ್ಯದ ಪರ ಇದ್ದವರು ಅವರ ವಿರೋಧಿಗಳು. ಪದವನ್ನು ಹಾಗೇ ಬಿಟ್ಟು, ಮೊದಲ ಬಾರಿ ಬಂದಾಗ ಒಂದು ಸಾಲು ವಿವರಿಸಿ.

ಪಕ್ಷಗಳ ಹೆಸರು ಇನ್ನೊಂದು ಬಲೆ. "ಲಿಂಕನ್ ಪಕ್ಷವೇ ಇಂದು ಹೀಗೆ" ಎಂದು ರಿಪಬ್ಲಿಕನ್ನರ ಬಗ್ಗೆ ಬರೆಯುವ ಮುನ್ನ 1964ರ ನಾಗರಿಕ ಹಕ್ಕು ಕಾಯ್ದೆಯ ಮತ ನೋಡಿ. ಸೆನೆಟ್‌ನಲ್ಲಿ 73-27. ಅಂತರ್ಯುದ್ಧದಲ್ಲಿ ಒಕ್ಕೂಟ ಬಿಟ್ಟುಹೋಗಿದ್ದ 11 ರಾಜ್ಯಗಳ 22 ಸೆನೆಟರುಗಳಲ್ಲಿ ಪರ ಮತ ಹಾಕಿದವನು ಒಬ್ಬನೇ, ಟೆಕ್ಸಸ್‌ನ ಡೆಮಾಕ್ರಟ್ ಯಾರ್ಬರೋ. ಪಕ್ಷಕ್ಕಿಂತ ಪ್ರದೇಶ ಗಟ್ಟಿಯಾಗಿತ್ತು. 1964ಕ್ಕಿಂತ ಹಿಂದಿನ ಯಾವುದೇ ವಿಷಯದಲ್ಲಿ ಪಕ್ಷದ ಪಕ್ಕ ರಾಜ್ಯದ ಹೆಸರನ್ನೂ ಬರೆಯಿರಿ.

ವಾಗ್ದಂಡನೆ (ಇಂಪೀಚ್‌ಮೆಂಟ್) ಎಂದರೆ ಪದಚ್ಯುತಿ ಅಲ್ಲ. ಅದಕ್ಕೆ ಗುರಿಯಾದ ಅಧ್ಯಕ್ಷರು: 1868ರಲ್ಲಿ ಜಾನ್ಸನ್, 1998ರಲ್ಲಿ ಕ್ಲಿಂಟನ್, 2019 ಮತ್ತು 2021ರಲ್ಲಿ ಟ್ರಂಪ್, ಯಾರನ್ನೂ ಸೆನೆಟ್ ತೆಗೆಯಲಿಲ್ಲ. ಸೆಕ್ರೆಟರಿ ಎಂದರೆ ಕಾರ್ಯದರ್ಶಿಯಲ್ಲ, ಮಂತ್ರಿ. ಇನ್ನು 1913ಕ್ಕಿಂತ ಮುಂಚಿನ ಸೆನೆಟರುಗಳ ಬಗ್ಗೆ "ಮತದಾರರು ಆರಿಸಿದರು" ಎಂದು ಬರೆಯಬೇಡಿ; ಅವರನ್ನು ಆರಿಸುತ್ತಿದ್ದದ್ದು ರಾಜ್ಯಗಳ ಶಾಸಕಾಂಗ.

ಬರೆಯಲು ಕೂತಾಗ

ಹುಡುಕಿದ್ದು ಹಿಂದಕ್ಕೆ, ಬರೆಯುವುದು ಮುಂದಕ್ಕೆ. ಮೊದಲ ಪ್ಯಾರಾದಲ್ಲಿ ಇವತ್ತಿನ ಪ್ರಶ್ನೆ ಇಟ್ಟು, ಆಮೇಲೆ ಕಾಲಕ್ರಮದಲ್ಲಿ ಬನ್ನಿ. 1,500 ಪದಗಳ ಲೇಖನ ನಾಲ್ಕು ಹಳೆಯ ತಾರೀಖುಗಳಿಗಿಂತ ಹೆಚ್ಚು ಹೊರಲಾರದು. ನಮ್ಮ ಉದಾಹರಣೆಗೆ 1857, 1866, 1898, 1990 ಸಾಕು. ಪ್ರತಿ ತಾರೀಖಿನ ಮುಂದೆ ಕೇಳಿಕೊಳ್ಳಿ: ಇದನ್ನು ತೆಗೆದರೆ ಇವತ್ತಿನ ವಾದದಲ್ಲಿ ಏನಾದರೂ ಬೀಳುತ್ತದೆಯೇ? ಬೀಳದಿದ್ದರೆ ತೆಗೆಯಿರಿ. ಎರಡೂ ಪಕ್ಷಗಳ ವಾದವನ್ನು ಅವರದೇ ದಾಖಲೆಯಿಂದ, ಅವರೇ ಒಪ್ಪುವ ಮಾತಿನಲ್ಲಿ ಹೇಳಿ. ಸಮಾನ ಅಳತೆಯ ಪ್ಯಾರಾ ಕೊಡಬೇಕೆಂದೇನೂ ಇಲ್ಲ. 1866ರ ಪುಟಗಳು ಒಂದು ಕಡೆ ಹೆಚ್ಚು ವಾಲಿದರೆ ಹಾಗೆಂದೇ ಬರೆಯಬಹುದು.

ಮುಗಿಸಿದ ಮೇಲೆ ಕೋರ್ಟಿನ ಸ್ಥಿತಿಯ ಸಾಲನ್ನು ಇನ್ನೊಮ್ಮೆ ನೋಡಿ, ಹೆಚ್ಚಿನ ತಪ್ಪು ಅಲ್ಲಿಯೇ. 2025ರ ಜೂನ್ 27ರಂದು ಸುಪ್ರೀಂ ಕೋರ್ಟು 6-3ರಲ್ಲಿ ಕೊಟ್ಟ ತೀರ್ಪು ಕೆಳ ನ್ಯಾಯಾಲಯಗಳು ಇಡೀ ದೇಶಕ್ಕೆ ತಡೆಯಾಜ್ಞೆ ಕೊಡಬಹುದೇ ಎಂಬುದರ ಬಗ್ಗೆ. ಆದೇಶ ಸಂವಿಧಾನಬದ್ಧವೇ ಎಂಬುದನ್ನು ಅದು ಮುಟ್ಟಲಿಲ್ಲ. ಆದರೂ "ಟ್ರಂಪ್ ಆದೇಶಕ್ಕೆ ಸುಪ್ರೀಂ ಅಸ್ತು" ಎಂಬ ಧಾಟಿಯ ಪೋಸ್ಟುಗಳಿಗೆ ಅಂದು ಬರವಿರಲಿಲ್ಲ. ಮೂಲ ಪ್ರಶ್ನೆಯನ್ನು ಕೋರ್ಟು ವಿಚಾರಣೆಗೆ ಎತ್ತಿಕೊಂಡದ್ದು 2025ರ ಡಿಸೆಂಬರ್ 5ರಂದು, ಟ್ರಂಪ್ ವಿರುದ್ಧ ಬಾರ್ಬರಾ ಎಂಬ ಪ್ರಕರಣದಲ್ಲಿ. ಲೇಖನ ಕಳಿಸುವ ದಿನ ಬೆಳಗ್ಗೆ ಕೋರ್ಟಿನ ಜಾಲತಾಣದಲ್ಲಿ ಆ ಹೆಸರು ಹಾಕಿ ನೋಡಿ, ಸಿಕ್ಕ ಕೊನೆಯ ನಮೂದಿನ ತಾರೀಖನ್ನು ವಾಕ್ಯದೊಳಗೇ ಬರೆಯಿರಿ.